ಎರಡು ಗಂಟೆ ಕ್ಲಾಸ್ ಮಾಡಿದ್ರೆ ಜನ ಪ್ರಾಮಾಣಿಕರಾಗ್ತಾರಾ?

ಏನು ಕೆಲಸ ಮಾಡ್ತೀರ ಎಂದು ಯಾರಾದರೂ ಕೇಳಿದರೆ, ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ನಡತೆ, ನಿಯಮಗಳ ಬಗ್ಗೆ ತರಬೇತಿ ಕೊಡ್ತೀನಿ ಅನ್ನುತ್ತೇನೆ. ಆಮೇಲೆ ಬರುವ ಪ್ರಶ್ನೆ ಒಂದೇ. ‘ಅಲ್ಲ ಮೇಡಂ, ಎರಡು ಗಂಟೆ ಕ್ಲಾಸ್ ಮಾಡಿದ್ರೆ ಜನ ಪ್ರಾಮಾಣಿಕರಾಗ್ಬಿಡ್ತಾರಾ? ಅದೆಲ್ಲ ಮನೇಲಿ ಅಪ್ಪ ಅಮ್ಮ ಕಲಿಸ್ಬೇಕಾದ್ದು ಅಲ್ವಾ?’ ಕೋಲಾರದ ಬಸ್ ಸ್ಟ್ಯಾಂಡಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ನನ್ನನ್ನು ಕ್ಲಾಸಿಗೆ ಕರೆಸಿದ ಮ್ಯಾನೇಜರ್‌ಗಳೇ ಟೀ ಕುಡಿಯುತ್ತಾ ಕೇಳಿದ್ದಾರೆ.

ಆಗಲ್ಲ. ಎರಡು ಗಂಟೆಯಲ್ಲಿ ಯಾರೂ ಪ್ರಾಮಾಣಿಕರಾಗಲ್ಲ. ಆದರೆ ನನ್ನ ಮುಂದೆ ಕೂರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಸರಿ ಯಾವುದು, ತಪ್ಪು ಯಾವುದು ಅಂತ ಮೊದಲೇ ಗೊತ್ತಿರುತ್ತದೆ. ಮನೆಯವರು ಚೆನ್ನಾಗಿಯೇ ಕಲಿಸಿ ಕಳಿಸಿರುತ್ತಾರೆ. ಗೊತ್ತಿಲ್ಲದಿರುವುದು ಬೇರೆ. ಆ ಹೊತ್ತಿಗೆ ಬಾಯಲ್ಲಿ ಏನು ಮಾತು ಬರಬೇಕು? ಯಾರ ಹತ್ತಿರ ಹೋಗಬೇಕು? ಹೋದರೆ ಮುಂದೇನಾಗುತ್ತದೆ? ಇದನ್ನು ಕಲಿಸಬಹುದು.

ನರಸಾಪುರದ ಕಡೆ ಒಂದು ಬಿಡಿಭಾಗ ಮಾಡುವ ಘಟಕ. ಅಲ್ಲಿ ಗಂಟೆಗೊಂದು ಪೀಸ್ ತೆಗೆದು, ವರ್ನಿಯರ್ ಹಾಕಿ ಅಳತೆ ನೋಡಿ, ಹಾಳೆಯಲ್ಲಿ ಬರೆಯಬೇಕು. ಕ್ಲಾಸಿಗೆ ಮುಂಚೆ ಲೈನ್ ನೋಡಿಬರೋಣ ಅಂತ ಹೋದೆ. ಬೆಳಿಗ್ಗೆ 11 ಗಂಟೆ. ಮಷೀನ್ ಪಕ್ಕದ ಕ್ಲಿಪ್‌ಬೋರ್ಡ್‌ನಲ್ಲಿ ಮಧ್ಯಾಹ್ನ 2 ಗಂಟೆಯ ಅಳತೆಯೂ ಬರೆದಾಗಿತ್ತು. 24.02, 24.03, 24.02. ಎಲ್ಲಾ ಒಂದೇ ಪೆನ್ನು, ಒಂದೇ ಓರೆ. ಒಂದೇ ಉಸಿರಿನಲ್ಲಿ ಬರೆದಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ಆ ಹುಡುಗ ಬಂಗಾರಪೇಟೆ ಕಡೆಯವನು, ಐಟಿಐ ಓದಿದವನು. ಏನಕ್ಕಪ್ಪ ಹೀಗೆ ಎಂದು ಮೆಲ್ಲಗೆ ಕೇಳಿದೆ. ‘ಅಳತೆ ನೋಡ್ತಾ ನಿಂತ್ರೆ ಟಾರ್ಗೆಟ್ ಆಗಲ್ಲ ಮೇಡಂ. ಬರ್ಕೊಂಡ್ಬಿಡು ಅಂತಾರೆ’ ಅಂದ. ತಲೆ ತಗ್ಗಿಸಿದ್ದ. ತಪ್ಪು ಅಂತ ಗೊತ್ತಿಲ್ಲದವನು ತಲೆ ತಗ್ಗಿಸ್ತಾನಾ? ಅವನಿಗೆ ಸತ್ಯದ ಮೇಲೆ ಭಾಷಣ ಮಾಡಿದರೆ ನಾನು ಅವನಿಗೆ ಅವಮಾನ ಮಾಡಿದ ಹಾಗೆ.

ಅವತ್ತು ಸ್ಲೈಡ್ ಬದಿಗಿಟ್ಟು ನಾನೇ ಸೂಪರ್‌ವೈಸರ್ ಆಗಿ ನಿಂತೆ. ‘ಟೈಮಿಲ್ಲ, ಬರ್ಕೊಂಡ್ಬಿಡು’ ಅಂದೆ. ಏನು ಹೇಳ್ತೀರ? ರೂಮು ಪೂರ್ತಿ ಸುಮ್ಮನೆ. ಒಬ್ಬಳು ‘ಆಯ್ತು ಸಾರ್’ ಅಂದಳು. ಆಮೇಲೆ ಒಂದು ವಾಕ್ಯ ಕೊಟ್ಟೆ. ‘ಸಾರ್, ನಾನು ಅಳತೆ ನೋಡಿಲ್ಲ. ನೋಡದೆ ಬರೆಯೋಕಾಗಲ್ಲ.’ ಜಗಳದ ಮಾತಲ್ಲ, ಮರ್ಯಾದೆಯ ಮಾತೇ. ಆದರೂ ಮೊದಲ ಸಲ ಯಾರ ಗಂಟಲಿಂದಲೂ ಹೊರಗೆ ಬರಲಿಲ್ಲ. ನಾಲ್ಕನೇ ಸಲಕ್ಕೆ ಜೋರಾಗಿ ಬಂತು. ಈಜು ಕಲಿಯುವವರನ್ನು ನೀರಿಗಿಳಿಸಲೇಬೇಕು, ಇದೂ ಹಾಗೆ. ಬಾಯಿಬಿಟ್ಟು ಹೇಳಿ ಅಭ್ಯಾಸ ಇಲ್ಲದ ಮಾತು ಬೇಕಾದಾಗ ಬರಲ್ಲ.

ಇದು ನನಗೆ ಮೊದಲಿಂದ ಗೊತ್ತಿತ್ತು ಅಂತಲ್ಲ. ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಇಂಗ್ಲಿಷ್ ಸ್ಲೈಡ್ ತೋರಿಸಿ, ಕೊನೆಗೆ ಹಾಳೆ ಹಂಚಿ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಒಂದು ಹೊಲಿಗೆ ಕಾರ್ಖಾನೆಯಲ್ಲಿ ಹಾಗೆ ಕ್ಲಾಸಿಗೆ ಕೂತಿದ್ದ ಹುಡುಗಿ ಕೆಲವೇ ವಾರಗಳಲ್ಲಿ ಕೆಲಸ ಬಿಟ್ಟಳು. ಅವಳ ಲೈನ್‌ನ ಮೇಲಿನವನು ಕೊಡುತ್ತಿದ್ದ ಕಾಟ ಆಮೇಲೆ ಅವಳ ಗೆಳತಿಯಿಂದ ಗೊತ್ತಾಯಿತು. ‘ದೂರು ಯಾರಿಗೆ ಕೊಡಬೇಕೆಂದು ನನಗೆ ತಿಳಿದಿದೆ’ ಎಂಬ ಸಾಲಿನ ಕೆಳಗೆ ಅವಳ ಸಹಿ ಇತ್ತು. ಆ ಹಾಳೆ ಇನ್ನೂ ನನ್ನ ಕಡತದಲ್ಲಿದೆ. ಆ ಸಹಿ ಹಾಕಿಸಿಕೊಂಡವಳು ನಾನು.

ಅಲ್ಲಿಂದಾಚೆಗೆ ಪೋಶ್ ಕಾಯ್ದೆಯ, ಅಂದರೆ ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ ಕಾಯ್ದೆಯ ಕ್ಲಾಸನ್ನು ಗೋಡೆಯಿಂದ ಶುರು ಮಾಡುತ್ತೇನೆ. ಈ ಕಾಯ್ದೆ ಬಂದಿದ್ದು 2013ರಲ್ಲಿ. ಅದಕ್ಕೂ ಮುಂಚೆ 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪಿನಲ್ಲಿ ಕೊಟ್ಟ ಸೂಚನೆಗಳಿದ್ದವು. ಹತ್ತು ಜನ ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಇಂಥ ದೂರು ವಿಚಾರಿಸೋಕೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷರು ಹೆಂಗಸೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಬೇಕು. ಇದರ ವಿವರವನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಕು ಅಂತಲೂ ಕಾಯ್ದೆಯೇ ಹೇಳುತ್ತದೆ. ಎಷ್ಟೋ ಕಡೆ ಅದು ಎಚ್‌ಆರ್ ರೂಮಿನ ಬಾಗಿಲ ಹಿಂದೆ, ಇಂಗ್ಲಿಷ್‌ನಲ್ಲಿ ಅಂಟಿಕೊಂಡಿರುತ್ತದೆ. ಅದನ್ನು ಕ್ಯಾಂಟೀನ್‌ಗೂ ಹೆಂಗಸರ ಟಾಯ್ಲೆಟ್‌ಗೆ ಹೋಗುವ ದಾರಿಗೂ ತರಿಸಿ, ಕನ್ನಡದಲ್ಲಿ, ಸದಸ್ಯರ ಫೋನ್ ನಂಬರ್ ಸಮೇತ. ನಾನು ಕಂಪನಿಯವರಿಗೆ ಮೊದಲು ಹೇಳುವುದು ಇದನ್ನೇ.

ಕ್ಲಾಸ್ ಮುಗಿದ ಮೇಲಿನ ಹತ್ತು ನಿಮಿಷ ಕ್ಲಾಸಿಗಿಂತ ಮುಖ್ಯ. ಸುಮ್ನೆ ವೈರ್ ಸುತ್ತುತ್ತಾ ನಿಂತಿರುತ್ತೇನೆ. ಆಗ ಬರುತ್ತಾರೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮಕ್ಕಳು ಮನಸ್ಸಿನ ಮಾತು ತೆಲುಗಿನಲ್ಲೇ ಆಡೋದು, ನಾನೂ ತೆಲುಗಿಗೇ ತಿರುಗುತ್ತೇನೆ. ಅವರ ಭಯ ಒಂದೇ. ಮನೆಗೆ ಗೊತ್ತಾದರೆ ಕೆಲಸ ಬಿಡಿಸುತ್ತಾರೆ. ದೂರು ಕೊಟ್ಟವರ ಹೆಸರು ಬಯಲು ಮಾಡುವ ಹಾಗಿಲ್ಲ, ಅದು ಕಾಯ್ದೆಯಲ್ಲೇ ಇದೆ. ಮೂರು ತಿಂಗಳ ಒಳಗೆ ದೂರು ಕೊಡಬೇಕು, ತಕ್ಕ ಕಾರಣ ಇದ್ದರೆ ಇನ್ನೂ ಮೂರು ತಿಂಗಳ ತನಕ ಸಮಿತಿ ಅವಕಾಶ ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಇಷ್ಟು ಹೇಳಿದಾಗ ಮುಖದಲ್ಲಿ ಆಗುವ ಬದಲಾವಣೆ ನೋಡಬೇಕು ನೀವು.

ಆಫೀಸಿನವರ ಕ್ಲಾಸಿನಲ್ಲಿ ಮಾವಿನ ಹಣ್ಣಿನ ಮಾತು ಬರದೇ ಇರುವುದಿಲ್ಲ. ಸೀಸನ್‌ನಲ್ಲಿ ಶ್ರೀನಿವಾಸಪುರದ ಹಣ್ಣು ಒಂದು ಬಾಕ್ಸ್ ಕಳಿಸುವುದು ನಮ್ಮ ಕಡೆ ಪ್ರೀತಿ. ಲಂಚ ಅಂದರೆ ಬೇಜಾರಾಗುತ್ತದೆ. ನಾನು ಕೇಳುವುದು ಇಷ್ಟೇ. ಗುಜರಿ ಟೆಂಡರ್ ಮುಂದಿನ ವಾರ ಇರುವಾಗ ಗುಜರಿಯವರಿಂದಲೇ ಯಾಕೆ ಬಂತು? ಆಫೀಸಿಗೆ ಬಂತಾ, ಮನೆಗೆ ಬಂತಾ? ಕ್ಯಾಂಟೀನ್‌ನಲ್ಲಿಟ್ಟು ಎಲ್ಲರಿಗೂ ಹಂಚೋಕೆ ಮನಸ್ಸು ಒಪ್ಪುತ್ತಾ? ಸರ್ಕಾರಿ ಅಧಿಕಾರಿಗೆ ಕೊಡುವ ವಿಚಾರದಲ್ಲಂತೂ ಅನುಮಾನವೇ ಬೇಡ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವವರೂ ನೇರವಾಗಿ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದ ಒಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಈ ಏಳು ದಿನದ ಮಾತು ಎಷ್ಟೋ ಮ್ಯಾನೇಜರ್‌ಗಳಿಗೆ ಹೊಸದು.

ಕೆಲಸಗಾರರು ನನ್ನನ್ನು ಕೇಳುವ ಪ್ರಶ್ನೆಯೂ ಒಂದಿದೆ. ‘ನಮಗೆ ಹೇಳ್ತೀರಲ್ಲ, ಕಂಪನಿಯವ್ರಿಗೆ ಯಾರು ಹೇಳ್ತಾರೆ?’ ನ್ಯಾಯವಾದ ಪ್ರಶ್ನೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಕೆಲಸಗಾರರು ಮಾಡಿದ ಗಲಾಟೆಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಗಾಜು ಒಡೆದಿದ್ದನ್ನು ನಾನು ಒಪ್ಪಲ್ಲ. ಆದರೆ ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿರಲಿಲ್ಲ ಅಂತ ಆಮೇಲೆ ಆ ಕಂಪನಿಯೇ ಒಪ್ಪಿಕೊಂಡಿತು. ಓವರ್‌ಟೈಮ್ ಲೆಕ್ಕ ಸರಿಯಿಲ್ಲದ ಕಡೆ ಪ್ರಾಮಾಣಿಕತೆಯ ಕ್ಲಾಸ್ ಮಾಡಿದರೆ ಯಾರು ಕೇಳುತ್ತಾರೆ? ಅದಕ್ಕೇ ನನ್ನದೊಂದು ಷರತ್ತು. ಪ್ಲಾಂಟ್ ಮುಖ್ಯಸ್ಥರು ಎರಡು ಗಂಟೆಯೂ ಕೂರಬೇಕು, ಕೆಲಸಗಾರರ ಸಾಲಲ್ಲೇ. ಉದ್ಘಾಟನೆ ಮಾಡಿ ಎದ್ದು ಹೋಗುವುದಾದರೆ ನಾನು ಬರಲ್ಲ. ಇದರಿಂದ ಒಂದೆರಡು ಕಡೆ ಕೆಲಸ ಕಳೆದುಕೊಂಡಿದ್ದೇನೆ.

ಆ ಬಿಡಿಭಾಗದ ಘಟಕದಲ್ಲಿ ಮುಖ್ಯಸ್ಥರು ಕೂತಿದ್ದರು. ‘ಬರ್ಕೊಂಡ್ಬಿಡು’ ಅನ್ನುವ ಮಾತು ಎಲ್ಲಿಂದ ಹೊರಡುತ್ತದೆ ಅಂತ ಅವರಿಗೂ ಅವತ್ತು ಕೇಳಿಸಿತು. ಅಳತೆ ನೋಡುವ ಹೊತ್ತನ್ನು ಟಾರ್ಗೆಟ್‌ನಿಂದ ಕಳೆದರು.

ಎರಡು ತಿಂಗಳು ಬಿಟ್ಟು ಮತ್ತೆ ಹೋದಾಗ ಅದೇ ಮಷೀನಿನ ಹತ್ತಿರ ನಿಂತು ಹಾಳೆ ನೋಡಿದೆ. 9 ಗಂಟೆಗೆ 24.02. 10 ಗಂಟೆಗೆ 24.05. 11ರ ಮನೆ ಖಾಲಿ. ಪಕ್ಕದಲ್ಲಿ ಕನ್ನಡದಲ್ಲಿ ಸಣ್ಣಗೆ ಬರೆದಿತ್ತು: ‘ವರ್ನಿಯರ್ ಬೇರೆ ಲೈನಿಗೆ ಹೋಗಿತ್ತು. ನೋಡಿಲ್ಲ.’ ಅದರ ಕೆಳಗೆ ಸೂಪರ್‌ವೈಸರ್ ಸಹಿ ಇತ್ತು.