ಹೊಸಬರಿಗೆ ಬರೀ ಎಂಟ್ರಿ ಕೆಲಸ ಕೊಡಬೇಡಿ

ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ನಾನು ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತೇನೆ. ಡಿಗ್ರಿ ರಿಸಲ್ಟ್ ಬಂದ ಮೇಲೆ ಒಬ್ಬಿಬ್ಬರು ಬಿ.ಕಾಂ. ಮುಗಿಸಿದವರು ಬಂದು ಸೇರುತ್ತಾರೆ. ಇಂಥ ಆಫೀಸುಗಳಲ್ಲಿ ಮೊದಲಿಂದ ಒಂದು ಪದ್ಧತಿ ಇದೆ. ಹೊಸಬರನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಮುಂದೆ ಕೂರಿಸಿ, ಖರೀದಿ ಬಿಲ್ಲಿನ ಕಟ್ಟು ಕೈಗೆ ಕೊಡುವುದು. "ಸದ್ಯಕ್ಕೆ ಎಂಟ್ರಿ ಹಾಕ್ತಾ ಇರು, ಆಮೇಲೆ ಹೇಳಿಕೊಡ್ತೀನಿ." ಆ ಆಮೇಲೆ ಬರುವುದೇ ಇಲ್ಲ. ತಿಂಗಳುಗಟ್ಟಲೆ ಎಂಟ್ರಿ ಹಾಕಿದರೂ ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ, ಯಾರ ದುಡ್ಡು ಅದರ ಮೇಲೆ ನಿಂತಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಕೊನೆಗೆ, "ಈಗಿನ ಹುಡುಗರಿಗೆ ಆಸಕ್ತಿನೇ ಇಲ್ಲ" ಅಂತ ನಾವೇ ಹೇಳುತ್ತೇವೆ. ಈ ಮಾತು ನನಗೆ ಒಪ್ಪಿಗೆ ಇಲ್ಲ.

ನನ್ನ ಕೈಕೆಳಗೆ ಬರುವವರಿಗೆ ನಾನು ಒಂದು ಚಿಕ್ಕ ಪಾರ್ಟಿಯ, ಅಂದರೆ ನಮ್ಮಲ್ಲಿ ಲೆಕ್ಕ ಮಾಡಿಸುವ ಒಂದು ಅಂಗಡಿಯ, ಪೂರ್ತಿ ಲೆಕ್ಕ ಒಪ್ಪಿಸುತ್ತೇನೆ. ಬಿಲ್ಲು ತರಿಸಿಕೊಳ್ಳುವುದರಿಂದ ಹಿಡಿದು ರಿಟರ್ನ್ (ಸರ್ಕಾರಕ್ಕೆ ಕೊಡುವ ತೆರಿಗೆ ಲೆಕ್ಕ) ಫೈಲ್ ಆಗುವ ತನಕ ಎಲ್ಲಾ ಅವರದೇ. ನಾನು ಪಕ್ಕದಲ್ಲಿ ಇರುತ್ತೇನೆ, ಫೈಲ್ ಮಾಡುವ ಮುಂಚೆ ಪ್ರತಿಯೊಂದನ್ನೂ ನೋಡುತ್ತೇನೆ.

2025ರ ಆಗಸ್ಟ್‌ನಲ್ಲಿ ಸೇರಿದ ಒಬ್ಬ ಹುಡುಗಿಗೆ ಹೀಗೇ ಒಂದು ಹಾರ್ಡ್‌ವೇರ್ ಅಂಗಡಿ ಕೊಟ್ಟೆ. ಹರಿಹರದ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಓದಿನಲ್ಲಿ ಜಾಣೆ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಅಂದರೆ ಏನು ಅಂತ ಕೇಳಿದರೆ ನೀಟಾಗಿ ಹೇಳುತ್ತಾಳೆ. ಆದರೆ ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಬಂದ ಬಿಲ್ಲುಗಳನ್ನು ಮೇಜಿನ ಮೇಲೆ ಸುರಿದಾಗ ಸುಮ್ನೆ ನೋಡುತ್ತಾ ನಿಂತಳು. ಅಕ್ಷರ ಮಾಸಿ ಹೋದವು ಕೆಲವು, ಕಾರ್ಬನ್ ಕಾಪಿ ಕೆಲವು, ಬರೀ ಚೀಟಿ ಕೆಲವು. ಕಾಲೇಜಿನ ಲೆಕ್ಕದಲ್ಲಿ ಅಂಕಿ ಎಲ್ಲಾ ಅವರೇ ಕೊಟ್ಟಿರುತ್ತಾರೆ. ಇಲ್ಲಿ ಹುಡುಕಿ ತೆಗೆಯಬೇಕು.

ಮೊದಲ ದಿನ ನಾನು ಹೇಳಿದ್ದು ಮೂರು ತಾರೀಕು. 11ಕ್ಕೆ ಮಾರಿದವರು ಜಿಎಸ್‌ಟಿಆರ್-1ರಲ್ಲಿ ತಮ್ಮ ಮಾರಾಟ ತೋರಿಸಬೇಕು. 14ಕ್ಕೆ ಅದು ಕೊಂಡವರ 2ಬಿಯಲ್ಲಿ, ಅಂದರೆ ಅವರಿಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಲ್ಲಿ, ಕಾಣಬೇಕು. 20ರೊಳಗೆ 3ಬಿ, ಅಂದರೆ ತಿಂಗಳ ಒಟ್ಟು ಲೆಕ್ಕದ ರಿಟರ್ನ್, ಹಾಕಿ ದುಡ್ಡು ಕಟ್ಟಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್‌ಗೆ 20. ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ ಬೇರೆ. ಇದು ತಲೆಗೆ ಹೋದರೆ ಇಡೀ ಆಫೀಸು ಯಾಕೆ 18, 19ನೇ ತಾರೀಕು ಊಟ ಬಿಟ್ಟು ಕೂತಿರುತ್ತದೆ ಅಂತ ಅರ್ಥವಾಗುತ್ತದೆ. ಆಗ "ಈ ಕೆಲಸ ಇವತ್ತೇ ಬೇಕಾ, ನಾಳೆ ಆದರೂ ಆಗುತ್ತಾ" ಅಂತ ಅವರೇ ಕೇಳಲು ಶುರು ಮಾಡುತ್ತಾರೆ. ಹೊಸಬರ ಬಾಯಲ್ಲಿ ಈ ಪ್ರಶ್ನೆ ಬಂದರೆ ನನಗೆ ತುಂಬಾ ಖುಷಿ.

ಆ ತಿಂಗಳು ಒಂದು ಬಿಲ್ಲು 2ಬಿಗೆ ತಾಳೆ ಆಗಲಿಲ್ಲ. ಮೊತ್ತ ಸರಿ, ತಾರೀಕು ಸರಿ. ನಮ್ಮ ಟ್ಯಾಲಿಯಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ ಶೇ. 9, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಶೇ. 9. 2ಬಿಯಲ್ಲಿ, ಹೊರ ರಾಜ್ಯದಿಂದ ಬಂದ ಮಾಲಿಗೆ ಹಾಕುವ ಐಜಿಎಸ್‌ಟಿ ಶೇ. 18. ಎರಡೂ ಕೂಡಿದರೆ ಒಂದೇ ಆಗುವುದರಿಂದ ಎಂಟ್ರಿ ಹಾಕುವಾಗ ಯಾರಿಗೂ ಗೊತ್ತಾಗುವುದಿಲ್ಲ. ಉತ್ತರ ನಾನೇ ಹೇಳಿಬಿಡಬಹುದಿತ್ತು. ಅದರ ಬದಲು, "ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರ್ ಓದು" ಅಂದೆ. ಆ ನಂಬರಿನಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ರಾಜ್ಯದ್ದು, ಆಮೇಲಿನ ಹತ್ತು ಪ್ಯಾನ್. ಬಿಲ್ಲಿನದು, ಟ್ಯಾಲಿಯದು ಎರಡನ್ನೂ ಪಕ್ಕದಲ್ಲಿ ಬರೆದುಕೊಂಡಳು. ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದಳು.

"ಮೇಡಂ, ಪ್ಯಾನ್ ಅದೇ ಇದೆ. ಆದ್ರೆ ಇದು 29, ಇದು 27."

29 ಕರ್ನಾಟಕ, 27 ಮಹಾರಾಷ್ಟ್ರ. ಕಂಪನಿ ಒಂದೇ, ಮಾಲು ಬಂದಿದ್ದು ಆ ಕಡೆಯ ಗೋಡೌನಿನಿಂದ. ನಮ್ಮಲ್ಲಿ ಆ ಹೆಸರಿಗೆ ಇದ್ದಿದ್ದು ಕರ್ನಾಟಕದ ಲೆಡ್ಜರ್ ಖಾತೆ ಒಂದೇ, ಹಾಗಾಗಿ ಟ್ಯಾಲಿ ಅದೇ ಲೆಕ್ಕ ಹಾಕಿತ್ತು. ಹೊಸ ಲೆಡ್ಜರ್ ಮಾಡಿ ತಾನೇ ಸರಿಪಡಿಸಿದಳು. ಅವತ್ತಿನಿಂದ ಯಾವ ಬಿಲ್ಲು ಕೈಗೆ ಬಂದರೂ ಮೊದಲು ಕಣ್ಣು ಹೋಗುವುದು ಆ ಎರಡು ಅಂಕಿಗೆ.

ಫೋನ್ ಮಾತ್ರ ಕಷ್ಟವಾಯಿತು. ಹೊಸಬರು ಹೆಚ್ಚಿನವರಿಗೆ ಗುರುತಿಲ್ಲದವರ ಹತ್ತಿರ ಫೋನಿನಲ್ಲಿ ಮಾತಾಡುವುದು ಅಂದರೆ ಭಯ. ಹುಬ್ಬಳ್ಳಿಯ ಹೋಲ್‌ಸೇಲ್‌ನವರ ಒಂದು ಬಿಲ್ಲು 2ಬಿಯಲ್ಲಿ ಬಂದೇ ಇರಲಿಲ್ಲ. ಅಂಗಡಿಯವರಿಗೆ ಹೇಳಬೇಕು. ಅವಳು ವಾಟ್ಸಾಪ್ ಮಾಡಿ ಕಾಯುತ್ತಾ ಕೂತಿದ್ದಳು. ಅಂಗಡಿಯವರು ಬೆಳಿಗ್ಗೆ ಗಿರಾಕಿ ಬಿಟ್ಟು ಫೋನ್ ನೋಡುವುದಿಲ್ಲ, ಮಧ್ಯಾಹ್ನ ಮೂರರ ಮೇಲೆ ಕಾಲ್ ಮಾಡು, ಕಾನೂನು ಹೇಳಬೇಡ, ಮೊದಲು ರೂಪಾಯಿ ಹೇಳು ಅಂದೆ.

"ದುಡ್ಡು ಕೊಟ್ಟಾಗಿದೆಯಲ್ಲಮ್ಮ, ಇನ್ನೇನು?" ಅಂದರಂತೆ ಆ ಕಡೆಯಿಂದ.

"ನೀವು ಕೊಟ್ಟಿದ್ದೀರಿ ಸರ್. ಅವರು ರಿಟರ್ನ್‌ನಲ್ಲಿ ತೋರಿಸಿಲ್ಲ. ನಿಮ್ಮ ಒಂಬತ್ತು ಸಾವಿರ ಅಲ್ಲೇ ನಿಂತುಬಿಟ್ಟಿದೆ."

ಅವರು ಆಗಲೇ ಹುಬ್ಬಳ್ಳಿಗೆ ಫೋನ್ ಮಾಡಿದರು. ಬಿಲ್ಲು ಮುಂದಿನ ತಿಂಗಳ 2ಬಿಯಲ್ಲಿ ಬಂತು. 2022ರ ಜನವರಿಯಿಂದ ನಿಯಮ ಹಾಗೇ ಇದೆ, ಮಾರಿದವರು ತೋರಿಸದಿದ್ದರೆ ಕೊಂಡವರಿಗೆ ಕ್ರೆಡಿಟ್ ಇಲ್ಲ. ಪರೀಕ್ಷೆಯಲ್ಲಿ ಅವಳು ಇದನ್ನು ಬರೆದೂ ಇದ್ದಳು. ಒಬ್ಬ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಅದು ಎಷ್ಟು ತಟ್ಟುತ್ತದೆ ಅಂತ ಗೊತ್ತಾಗಿದ್ದು ಆ ಫೋನಿನಿಂದ.

ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳೇ ಬದಲಾದವು. ಅವಳು ಓದಿದ್ದು ಶೇ. 5, 12, 18, 28. ಅದರಲ್ಲಿ 12, 28ರಲ್ಲಿದ್ದ ಹೆಚ್ಚಿನ ಮಾಲು 5ಕ್ಕೋ 18ಕ್ಕೋ ಹೋಯಿತು. ಸಿಮೆಂಟ್ 28ರಿಂದ 18ಕ್ಕೆ ಇಳಿಯಿತು. ಕಬ್ಬಿಣದ ಸರಳು, ಪೇಂಟ್ ಮೊದಲೂ 18, ಈಗಲೂ 18. ಒಂದೇ ಅಂಗಡಿ, ಒಂದೇ ತಿಂಗಳು, ಸಿಮೆಂಟಿಗೆ ಎರಡು ದರ. ಆ ವಾರ ನಮ್ಮ ಆಫೀಸಿನಲ್ಲಿ ಹಳಬರು, ಹೊಸಬರು ಅಂತ ಇರಲಿಲ್ಲ, ಎಲ್ಲರೂ ಕೂತು ಓದುವವರೇ. ಅಂಗಡಿಯ ಮಾಲಿನ ಪಟ್ಟಿ ಮಾಡಿ ಹೊಸ ದರ ಬರೆದುಕೊಟ್ಟಿದ್ದು ಅವಳು. ಅಂಗಡಿಯವರು ಅದನ್ನು ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿಕೊಂಡಿದ್ದಾರೆ.

ಇನ್ನೊಂದು ವಿಷಯ, ಯಾವ ಕಾಲೇಜಿನಲ್ಲೂ ಯಾರೂ ಕೂರಿಸಿ ಹೇಳುವುದಿಲ್ಲ. ನಮ್ಮಂಥ ಊರಲ್ಲಿ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ರೀತಿ ನೆಂಟರು. ಮದುವೆಮನೆಯಲ್ಲಿ ಅವಳ ಸೋದರಮಾವ ಕೇಳಿದರಂತೆ, ಆ ಅಂಗಡಿಯವರದ್ದು ವರ್ಷಕ್ಕೆ ಎಷ್ಟು ವ್ಯಾಪಾರ ಅಂತ. ಇವಳು ಏನೋ ಹೇಳಿ ಜಾರಿಕೊಂಡಿದ್ದಾಳೆ. ಮಾರನೇ ದಿನ ಬಂದು, "ಹಿರಿಯರು ಕೇಳಿದಾಗ ಹೇಗೆ ಹೇಳಲ್ಲ ಅನ್ನೋದು ಮೇಡಂ?" ಅಂದಳು. ನಗುತ್ತಲೇ "ಅದು ಆಫೀಸಿನ ವಿಷಯ ಮಾವ, ನಾನು ಹೇಳೋ ಹಾಗಿಲ್ಲ" ಅನ್ನು, ಯಾರೂ ಬೇಜಾರು ಮಾಡಿಕೊಳ್ಳಲ್ಲ ಅಂದೆ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಪಾಠ. ಜನ ತಮ್ಮ ಮನೆಯವರಿಗೂ ಹೇಳದ ಲೆಕ್ಕವನ್ನು ನಮಗೆ ತೋರಿಸುತ್ತಾರೆ. ಬಂದ ಓಟಿಪಿಯನ್ನು ನಂಬಿ ಹೇಳುತ್ತಾರೆ. ಸೇರಿದ ವಾರದಲ್ಲೇ ಇದನ್ನು ಹೊಸಬರಿಗೆ ಬಿಡಿಸಿ ಹೇಳಬೇಕು.

ಇಷ್ಟೆಲ್ಲ ಕಲಿಸಿದರೆ ಬೆಂಗಳೂರಿಗೆ ಹೋಗಿಬಿಡುತ್ತಾರೆ ಅಂತ ಕೆಲವರು ಹೇಳುತ್ತಾರೆ. ಹೋಗಲಿ ಬಿಡಿ. ನಾವು ಕೊಡುವ ಸಂಬಳಕ್ಕೆ ಅವರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನಮಗೆ ಎಲ್ಲಿದೆ? ಇವಳಿಗೆ ಬಿ.ಕಾಂ.ನಲ್ಲಿ ಶೇ. 55ಕ್ಕಿಂತ ಜಾಸ್ತಿ ಇದೆ, ಸಿಎ ಕೋರ್ಸಿನ ಮೊದಲ ಹಂತ ಫೌಂಡೇಶನ್ ಬಿಟ್ಟು ನೇರ ಎರಡನೇ ಹಂತ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಸೇರಿದ್ದಾಳೆ. ತಿಂಗಳ 20 ದಾಟಿದ ಮೇಲೆ ನಮ್ಮಲ್ಲಿ ಕೆಲಸ ಹಗುರ. ಆ ದಿನಗಳಲ್ಲಿ ಐದಕ್ಕೇ ಹೊರಟು ಮನೆಯಲ್ಲಿ ಓದಿಕೊಳ್ಳಲಿ ಅಂತ ಆಡಿಟರ್ ಸರ್ ಹತ್ತಿರ ಮಾತಾಡಿದೆ, ಅವರೂ ಒಪ್ಪಿದರು.

ಹಾರ್ಡ್‌ವೇರ್ ಅಂಗಡಿಯ ಜೊತೆಗೆ ಈಗ ಒಂದು ಮೆಡಿಕಲ್ ಶಾಪಿನ ಲೆಕ್ಕವೂ ಅವಳ ಕೈಗೆ ಬಂದಿದೆ. ಅಲ್ಲಿ ಡೇಟ್ ಮುಗಿದ ಮಾತ್ರೆಗಳನ್ನು ಕಂಪನಿಗೆ ವಾಪಸ್ ಕಳಿಸುತ್ತಾರೆ, ಅದಕ್ಕೆ ಕ್ರೆಡಿಟ್ ನೋಟ್, ಅಂದರೆ ಆ ಮೊತ್ತ ಬಿಲ್ಲಿನಿಂದ ಕಳೆದಿದ್ದಕ್ಕೆ ಚೀಟಿ, ಬರುತ್ತದೆ. ಈ ತಿಂಗಳು ಕೂತು ಅದನ್ನು ಹೇಳಿಕೊಡಬೇಕು.