ಕಾಗೆ, ನಾಯಿ, ಜಿಂಕೆ ಮತ್ತು ಲಕ್ಷ್ಮಿ

ತಿರುವಣ್ಣಾಮಲೈಗೆ ಹೋಗಬೇಕು ಅಂತ ಆಸೆ ಇದ್ದದ್ದು ನನಗೆ. ಅತ್ತೆ ಬಂದಿದ್ದು ಅಲ್ಲಿನ ಅರುಣಾಚಲ ಬೆಟ್ಟ ನೋಡೋಕಲ್ಲ, ಸೊಸೆ ಒಬ್ಬಳೇ ಹೋಗೋದು ಬೇಡ ಅಂತ. ಅವರದು ಮಂಡ್ಯದ ಹತ್ತಿರದ ಹಳ್ಳಿ. ಎಪ್ಪತ್ತು ದಾಟಿದೆ, ಮಂಡಿ ನೋವು ಬೇರೆ. ಆದರೂ ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡುವವರಲ್ಲ.

ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ಕೃಷ್ಣಗಿರಿ, ಊತಂಗರೈ, ಚೆಂಗಂ ದಾಟಿ ಹೋಗುವ ದಾರಿ. ಬಸ್ಸು ರಮಣ ಮಹರ್ಷಿಗಳು ಬಾಳಿದ ರಮಣಾಶ್ರಮದ ಬಾಗಿಲ ಮುಂದೆಯೇ ಹಾದು ಊರೊಳಗೆ ಹೋಗುತ್ತದೆ. ಗೊತ್ತಿದ್ದವರು ಅಲ್ಲೇ ಇಳಿದುಕೊಳ್ಳುತ್ತಾರೆ. ನಾವು ಬಸ್‌ ಸ್ಟ್ಯಾಂಡಿನವರೆಗೂ ಹೋಗಿ, ಆಟೋ ಹಿಡಿದು ಅದೇ ರಸ್ತೆಯಲ್ಲಿ ವಾಪಸ್ ಬಂದೆವು. "ಮುಂದೇನೇ ಕೇಳ್ಬಾರ್ದಾ ಕಂಡಕ್ಟರ್‌ನ?" ಅಂತ ಅತ್ತೆ ಎರಡು ದಿನ ಅಂದರು.

ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ನಾನು ಗಿರಿವಲಂಗೆ ಹೊರಟೆ. ಬೆಟ್ಟದ ಸುತ್ತ 14 ಕಿಲೋಮೀಟರ್, ಬರಿಗಾಲಲ್ಲಿ. ಇಲ್ಲಿ ಬೆಟ್ಟದ ಮೇಲೆ ಶಿವ ಇದ್ದಾನೆ ಅನ್ನುವುದಿಲ್ಲ, ಬೆಟ್ಟವೇ ಶಿವ ಅನ್ನುತ್ತಾರೆ. ಹಾಗಾಗಿ ದೇವರ ಗುಡಿಯಲ್ಲಿ ಹೇಗೋ ಹಾಗೆ ಚಪ್ಪಲಿ ಬಿಟ್ಟೇ ನಡೆಯಬೇಕು. ಒಂಬತ್ತು ತಿಂಗಳು ತುಂಬಿದ ರಾಣಿ ನಡೆಯುವ ಹಾಗೆ ನಿಧಾನ ನಡೆಯಬೇಕು ಅಂತ ರಮಣ ಮಹರ್ಷಿಗಳು ಹೇಳುತ್ತಿದ್ದರಂತೆ. ನಾನು ನಡೆದಿದ್ದು ಬಸ್ ತಪ್ಪಿಸಿಕೊಂಡವಳ ಹಾಗೆ. ಕಾರಣ ಒಂದು ನಾಯಿ.

ಬೆಟ್ಟದ ಸುತ್ತ ಎಂಟು ದಿಕ್ಕಿಗೆ ಎಂಟು ಲಿಂಗದ ಗುಡಿಗಳಿವೆ. ಯಮಲಿಂಗದ ಗುಡಿ ದಾಟಿದ ಮೇಲೆ ಅದು ಹಿಂದೆ ಬಿತ್ತು. ಕಂದು ಬಣ್ಣ, ಒಂದು ಕಿವಿ ಹರಿದಿತ್ತು. ನನಗೆ ನಾಯಿ ಅಂದರೆ ಚಿಕ್ಕಂದಿನಿಂದಲೂ ಭಯ. "ಹಚಾ" ಅಂದೆ. ನಿಂತಿತು. ನಾನು ಹೊರಟೆ, ಅದೂ ಹೊರಟಿತು. ದಾರಿಬದಿ ಮಲಗಿದ್ದ ಕಾವಿಯ ಸಾಧುವೊಬ್ಬರು ಮುಸುಕಿನೊಳಗಿಂದಲೇ ತಮಿಳಿನಲ್ಲಿ ಏನೋ ಹೇಳಿದರು. ನನಗೆ ಹೇಳಿದರೋ ನಾಯಿಗೋ ತಿಳಿಯಲಿಲ್ಲ. ನಿರುತಿಲಿಂಗದ ಹತ್ತಿರ ಟೀ ಅಂಗಡಿ ಬೆಂಚಿನ ಕೆಳಗೆ ಅದು ಹೋಗಿ ಮಲಗಿತು. ವರುಣ, ವಾಯು, ಕುಬೇರ, ಈಶಾನ್ಯ ಎಲ್ಲ ಲಿಂಗಗಳಿಗೂ ಕೈ ಮುಗಿದೆ. ಆದರೆ ಆ ಬೆಳಿಗ್ಗೆ ಮನಸ್ಸಿನಲ್ಲಿದ್ದಿದ್ದು ಆ ನಾಯಿಯೇ.

ಊರ ದೊಡ್ಡ ದೇವಸ್ಥಾನದಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ, ಅಷ್ಟು ಜನ. ಪೂರ್ವದ ರಾಜಗೋಪುರ 66 ಮೀಟರ್ ಎತ್ತರ. ಕಟ್ಟಿಸಲು ಶುರು ಮಾಡಿದ್ದು ನಮ್ಮ ಹಂಪಿಯ ಕೃಷ್ಣದೇವರಾಯ ಅಂದಾಗ ಅತ್ತೆಗೆ ಸ್ವಲ್ಪ ಹೆಮ್ಮೆಯಾಯಿತು. ಒಳಗೆ ಪಾತಾಳಲಿಂಗ ಇದೆ. 1896ರಲ್ಲಿ ಮನೆ ಬಿಟ್ಟು ಬಂದ ರಮಣರು, ಆಗ ಹದಿನಾರರ ಹುಡುಗ, ಕುಳಿತದ್ದು ಆ ನೆಲಮಾಳಿಗೆಯಲ್ಲಿ. ತೊಡೆಯನ್ನು ಹುಳ ಕಡಿದು ಹುಣ್ಣಾದರೂ ಅವರಿಗೆ ಗೊತ್ತಾಗಲಿಲ್ಲ. ಇನ್ನೊಂದು ಕಥೆ ನನಗೆ ಇದಕ್ಕಿಂತ ಇಷ್ಟ. ಬೆಟ್ಟದಲ್ಲಿ ಓಡಾಡುವಾಗ ಅವರ ಕಾಲು ಪೊದೆಯೊಳಗಿನ ಕಣಜದ ಗೂಡಿಗೆ ತಾಗಿತು. ಹುಳಗಳು ಎದ್ದು ಆ ಕಾಲಿಗೇ ಮುತ್ತಿದವು. ಅವರು ಓಡಲಿಲ್ಲ. ಮನೆ ಕೆಡಿಸಿದ್ದು ಈ ಕಾಲು ತಾನೆ, ಅನುಭವಿಸಲಿ ಅಂತ ನಿಂತೇ ಇದ್ದರು. ಇಲ್ಲಿ ಹುಳು ಗೊತ್ತಾಯಿತು, ಅದರ ಕೋಪ ನ್ಯಾಯ ಅಂತಲೂ ಅನಿಸಿತು. ನೋವು ಗೊತ್ತಾಗದೆ ಕೂರುವುದಕ್ಕಿಂತ ಇದು ಕಷ್ಟ, ಅಲ್ವಾ?

ಆಶ್ರಮದಲ್ಲಿ ಮಧ್ಯಾಹ್ನ ಊಟಕ್ಕೆ ಕೂತೆವು. ನೆಲದ ಮೇಲೆ ಸಾಲು, ಎಲೆ, ಬಿಸಿ ಅನ್ನ. ನನ್ನ ಎಡಕ್ಕೆ ಅತ್ತೆ, ಬಲಕ್ಕೆ ಕಾಲು ಮಡಚಲಾಗದೆ ಒದ್ದಾಡುತ್ತಿದ್ದ ಒಬ್ಬ ವಿದೇಶಿ ಹೆಂಗಸು. ರಮಣರ ಕಾಲದಲ್ಲಿ ಮೊದಲ ಎಲೆ ನಾಯಿಗಳದ್ದು. ಆಮೇಲೆ ಭಿಕ್ಷುಕರು, ಕೊನೆಗೆ ಭಕ್ತರು. "ಹುಡುಗರಿಗೆ ಅನ್ನ ಹಾಕಿದಿರಾ?" ಅಂತ ಅವರು ಕೇಳಿದರೆ ಹುಡುಗರು ಅಂದರೆ ಆಶ್ರಮದ ನಾಯಿಗಳು. ತಮಿಳಿನಲ್ಲೂ ನಮ್ಮ ಹಾಗೆಯೇ, ಮನುಷ್ಯರಿಗೆ ಅವನು, ಅವಳು, ಪ್ರಾಣಿಗೆ ಅದು. ರಮಣರ ಮಾತಿನಲ್ಲಿ ಮಾತ್ರ ಯಾವ ಪ್ರಾಣಿಯೂ 'ಅದು' ಆಗಿರಲಿಲ್ಲ. ಅವನು, ಅವಳು, ಅಷ್ಟೇ.

ಇದನ್ನೂ ಹೇಳಲೇಬೇಕು. ಅದೇ ಊಟದ ಮನೆಯಲ್ಲಿ ಆ ಕಾಲದಲ್ಲಿ ಮಡಿಯ ಬ್ರಾಹ್ಮಣರಿಗೆ ಬೇರೆ ಸಾಲು, ನಡುವೆ ಒಂದು ಪರದೆ ಇತ್ತು. ರಮಣರು ಎರಡೂ ಕಡೆಯವರಿಗೆ ಕಾಣುವ ಹಾಗೆ ಕೂರುತ್ತಿದ್ದರು. ನಾಯಿಗೆ ಮೊದಲ ತುತ್ತು ಕೊಟ್ಟ ಜಾಗದಲ್ಲೂ ಮನುಷ್ಯರ ನಡುವೆ ಬಟ್ಟೆ! ಓದಿದಾಗ ನನಗೆ ಸಿಟ್ಟು ಬಂದಿತ್ತು. ಅಲ್ಲಿ ಕೂತು ಊಟ ಮಾಡುವಾಗ ನಮ್ಮ ಹಳ್ಳಿ ಮನೆಯ ಹಿತ್ತಿಲ ಬಾಗಿಲ ಪಕ್ಕದ ಗೂಡು, ಅದರಲ್ಲಿ ಕೆಲಸಕ್ಕೆ ಬರುವವರಿಗೆಂದು ಇಟ್ಟ ಬೇರೆ ಲೋಟ ನೆನಪಾಯಿತು. ಅತ್ತೆಗೆ ಏನೂ ಹೇಳಲಿಲ್ಲ. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಅದೇ ಲೋಟದಲ್ಲಿ ನಾನೂ ಎಷ್ಟು ಸಲ ಟೀ ಕೊಟ್ಟಿದ್ದೇನೆ.

ಊಟ ಆದ ಮೇಲೆ ಬೆಟ್ಟ ಹತ್ತುವ ಕಡೆಗೆ ಸುಮ್ನೆ ನಡೆದೆವು. ಅತ್ತೆ ಹತ್ತುವ ಹಾಗಿಲ್ಲ, ಅಲ್ಲೇ ಎಲ್ಲಾದರೂ ನೆರಳಲ್ಲಿ ಕೂರೋಣ ಅಂತ. ಅಲ್ಲಿ ಪುಟ್ಟ ಸಮಾಧಿಗಳಿವೆ. ಒಂದು ಕಾಗೆಯದ್ದು. ಒಂದು ಜಾಕಿ ಎಂಬ ನಾಯಿಯದ್ದು. ಒಂದು ವಳ್ಳಿ ಎಂಬ ಜಿಂಕೆಯದ್ದು. ಇನ್ನೊಂದು ಹಸು ಲಕ್ಷ್ಮಿಯದ್ದು, ಮೇಲೆ ಅವಳದೇ ಮೂರ್ತಿ.

"ಕಾಗೆಗೂ ಸಮಾಧೀನಾ?" ಅಂದರು ಅತ್ತೆ. ತಿಥಿ ದಿನ ಬಿಟ್ಟು ಬೇರೆ ದಿನ ಕಾಗೆ ಬಂದರೆ ಓಡಿಸುವವರು ಅವರು. ಆಮೇಲೆ ಹಸುವಿನ ಮುಂದೆ ನಿಂತು, "ಎಷ್ಟು ಹಾಲು ಕೊಡ್ತಿತ್ತಂತೆ ಅದು?"

ನನಗೆ ಹಾಲಿನ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದನ್ನು ಹೇಳಿದೆ. 1926ರಲ್ಲಿ ಗುಡಿಯಾತ್ತಂ ಕಡೆಯ ಭಕ್ತರೊಬ್ಬರು ತಾಯಿ ಹಸುವಿನ ಜೊತೆ ಈ ಕರುವನ್ನೂ ತಂದು ಬಿಟ್ಟರು. ಆಶ್ರಮದಲ್ಲಿ ಕಟ್ಟಲು ಜಾಗ ಇರಲಿಲ್ಲ, ಊರೊಳಗೆ ಒಬ್ಬರ ಮನೆಯಲ್ಲಿ ಕಟ್ಟಿದರು. ಕರು ಬೆಳಿಗ್ಗೆ ತಾನೇ ನಡೆದು ಆಶ್ರಮಕ್ಕೆ ಬರೋದು, ಸಂಜೆ ತಾನೇ ವಾಪಸ್ ಹೋಗೋದು. ಅದಕ್ಕೂ ಮೊದಲು, ಬೆಟ್ಟದಲ್ಲಿ ಸೊಪ್ಪು ಕಿತ್ತು ತಂದು ಬೇಯಿಸಿ, ರಮಣರಿಗೂ ಬಡಿಸುತ್ತಿದ್ದ ಮುದುಕಿಯೊಬ್ಬಳಿದ್ದಳು. ಕೀರೈಪಾಟ್ಟಿ, ಅಂದರೆ ಸೊಪ್ಪಿನಜ್ಜಿ. ಅವಳೇ ಲಕ್ಷ್ಮಿಯಾಗಿ ಬಂದಳು ಅಂತ ಭಕ್ತರು ನಂಬುತ್ತಾರೆ. 1922ರ ಮೇ 19ರಂದು ತಾಯಿ ಅಳಗಮ್ಮಾಳ್ ತೀರಿಕೊಳ್ಳುವಾಗ ರಮಣರು ಪಕ್ಕದಲ್ಲಿ ಕೂತು ಎದೆಯ ಮೇಲೊಂದು ಕೈ, ತಲೆಯ ಮೇಲೊಂದು ಕೈ ಇಟ್ಟಿದ್ದರು. 1948ರ ಜೂನ್ 18ರಂದು ಕೊಟ್ಟಿಗೆಯಲ್ಲಿ ಲಕ್ಷ್ಮಿಯ ಪಕ್ಕದಲ್ಲೂ ಹಾಗೇ ಕೂತರು. ಅವಳಿಗೆ ಮುಕ್ತಿ ಸಿಕ್ಕಿತು ಅಂತ ತಾವೇ ತಮಿಳಿನಲ್ಲಿ ಪದ್ಯ ಬರೆದರು.

ಅತ್ತೆ ಸಮಾಧಿಯ ಪಕ್ಕ ಕೂತರು. ನಾನು ಮಂಗಗಳಿಂದ ಬ್ಯಾಗು ಕಾಯುತ್ತಾ ನಿಂತೆ. ಅರ್ಧ ಗಂಟೆಯಾದರೂ ಅವರು ಏಳಲಿಲ್ಲ. ಮಂಡಿ ಹಿಡಿದುಕೊಂಡಿದೆ ಅಂದುಕೊಂಡು ಕೈ ಚಾಚಿದೆ. "ತಡಿಯಮ್ಮ" ಅಂದರು.

ವಾಪಸ್ ಬರುವಾಗ ಆಶ್ರಮದ ಮುಂದೆಯೇ ಬಸ್ ಹತ್ತಿದೆವು. ಚೆಂಗಂ ದಾಟಿತು. ಅತ್ತೆ ನಿದ್ದೆ ಮಾಡಿದ್ದಾರೆ ಅಂದುಕೊಂಡಿದ್ದೆ.

"ಗೌರಿ ನೆನಪೈತಾ ನಿಂಗೆ?"

ನೆನಪಿತ್ತು. ನಾನು ಮದುವೆಯಾಗಿ ಬಂದಾಗ ಕೊಟ್ಟಿಗೆಯಲ್ಲಿದ್ದ ಹಸು. ಹಾಲು ಬತ್ತಿದ ಮೇಲೆ ಸಂತೆಗೆ ಹೊಡೆದುಕೊಂಡು ಹೋದರು. ಮಾರಿದ ದುಡ್ಡಿನಲ್ಲಿ ಮನೆಗೆ ಹೆಂಚು ಹೊದಿಸಿದ್ದೂ ನೆನಪಿತ್ತು.

"ಹಗ್ಗ ಅವ್ರ ಕೈಗೆ ಕೊಟ್ಟಾಗ ತಿರುಗಿ ನೋಡಿದ್ಲು ಕಣಮ್ಮ, ಅವಳು."

ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡರು. ಕೃಷ್ಣಗಿರಿಯಲ್ಲಿ ಬಸ್ ನಿಂತಾಗ ಕೆಳಗಿಳಿದು ಇಬ್ಬರಿಗೂ ಕಾಫಿ ತಂದೆ.