ಡಿಎನ್‌ಎ ಒಂದೇ, ಬಣ್ಣ ಮಾತ್ರ ಬೇರೆ

ಎಪಿಜೆನೆಟಿಕ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಸಿಸಿ ಅನ್ನೋ ಬೆಕ್ಕಿನ ವಿಷಯ ಹೇಳುತ್ತೇನೆ. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕು ಅದು. ಯಾವ ಬೆಕ್ಕಿನ ಜೀವಕೋಶದಿಂದ ಅದನ್ನು ಮಾಡಿದರೋ, ಆ ರೇನ್‌ಬೋ ಮೈಮೇಲೆ ಕಿತ್ತಳೆ ಮಚ್ಚೆಗಳಿದ್ದವು. ಸಿಸಿಗೆ ಕಿತ್ತಳೆ ಬಣ್ಣವೇ ಇರಲಿಲ್ಲ. ಜೀನ್‌ಗಳು ಮಾತ್ರ ಅವೇ!

ಬೆಕ್ಕಿನ ಕಿತ್ತಳೆ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್ ಇರುತ್ತವೆ, ಆದರೆ ಭ್ರೂಣ ಇನ್ನೂ ಚಿಕ್ಕದಿರುವಾಗಲೇ ಪ್ರತಿ ಜೀವಕೋಶವೂ ಅದರಲ್ಲಿ ಒಂದನ್ನು ಮುಚ್ಚಿಬಿಡುತ್ತದೆ, ಆಮೇಲೆ ಅದರಿಂದ ಹುಟ್ಟುವ ಜೀವಕೋಶಗಳೆಲ್ಲ ಅದನ್ನೇ ಮುಚ್ಚಿಟ್ಟುಕೊಳ್ಳುತ್ತವೆ. ಬ್ರಿಟನ್‌ನ ತಳಿವಿಜ್ಞಾನಿ ಮೇರಿ ಲಯನ್ 1961ರಲ್ಲೇ ಇದನ್ನು ಹೇಳಿದ್ದರು. ಸಿಸಿ ಹುಟ್ಟಿದ್ದು ಕಿತ್ತಳೆ ಜೀನ್ ಇರುವ ಎಕ್ಸ್ ಮುಚ್ಚಿಹೋಗಿದ್ದ ಜೀವಕೋಶದಿಂದ, ಅದು ಮತ್ತೆ ತೆರೆಯಲೇ ಇಲ್ಲ.

ಎಪಿಜೆನೆಟಿಕ್ ಅಂದರೆ ಇದೇ. ಡಿಎನ್‌ಎಯ ಅಕ್ಷರ ಒಂದೂ ಬದಲಾಗುವುದಿಲ್ಲ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದು ಬದಲಾಗುತ್ತದೆ, ಮತ್ತು ಜೀವಕೋಶ ಒಡೆದು ಎರಡಾದಾಗ ಆ ಗುರುತು ಜೊತೆಗೇ ಹೋಗುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್‌ಗೆ ಮೀಥೈಲ್ ಅನ್ನೋ ಪುಟ್ಟ ಪರಮಾಣು ಗುಂಪು ಅಂಟಿಕೊಂಡರೆ ಆ ಜಾಗದ ಜೀನ್ ಸಾಮಾನ್ಯವಾಗಿ ತಣ್ಣಗಾಗುತ್ತದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲೂ ಇಂಥ ಗುರುತುಗಳಿವೆ. ಯಕೃತ್ತಿನ ಕೋಶಕ್ಕೂ ಮೆದುಳಿನ ಕೋಶಕ್ಕೂ ಡಿಎನ್‌ಎ ಒಂದೇ ಆದರೂ ಎರಡೂ ಅಷ್ಟು ಬೇರೆ ಬೇರೆ ಇರುವುದು ಇದರಿಂದಲೇ.

ನನಗೆ ನಿಜಕ್ಕೂ ಬೇಸರ ಆಗುವುದು ಒಂದು ವಿಷಯಕ್ಕೆ. ಅಜ್ಜ-ಅಜ್ಜಿಯ ನೋವು ನಿಮ್ಮ ಜೀನ್‌ನಲ್ಲಿದೆ, ಒಳ್ಳೆಯ ಯೋಚನೆಯಿಂದ ಅದನ್ನು ತೊಳೆಯಬಹುದು ಅಂತ ಮಾರುವವರು ಜಾಸ್ತಿಯಾಗಿದ್ದಾರೆ. ಇವರೆಲ್ಲ ತೋರಿಸುವುದು 1944-45ರ ನೆದರ್ಲೆಂಡ್ಸ್ ಬರಗಾಲವನ್ನು. ಆ ಬರದ ಹೊತ್ತಿಗೆ ಗರ್ಭದಲ್ಲಿ ಆಗಷ್ಟೇ ಬೆಳೆಯತೊಡಗಿದ್ದವರಲ್ಲಿ, ದೇಹದ ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಅನ್ನೋ ಜೀನಿನ ಮೀಥೈಲ್ ಗುರುತು ಸುಮಾರು 60 ವರ್ಷದ ನಂತರವೂ ಕಡಿಮೆ ಇತ್ತು, ಅದು ನಿಜ. ಆದರೆ ಗರ್ಭದಲ್ಲಿದ್ದ ಆ ಮಗು ಸ್ವತಃ ಹಸಿವು ಕಂಡಿತ್ತು ಅಲ್ವಾ? ಅದು ಅಜ್ಜಿಯಿಂದ ಬಂದದ್ದಲ್ಲ. ಸಸ್ತನಿಗಳಲ್ಲಿ ಅಂಡ, ವೀರ್ಯ ತಯಾರಾಗುವಾಗ ಒಮ್ಮೆ, ಗರ್ಭ ಕಟ್ಟಿದ ಮೇಲೆ ಇನ್ನೊಮ್ಮೆ ಈ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ಗಿಡಗಳಲ್ಲಿ ಕೆಲವು ಗುರುತು ತಲೆಮಾರು ದಾಟುತ್ತವೆ, ಮನುಷ್ಯರಲ್ಲಿ ಹಾಗೆ ಹೇಳುವಷ್ಟು ಗಟ್ಟಿ ಪುರಾವೆ ಇಲ್ಲ.

ಗುರುತು ಅಳಿಸುವ ಔಷಧ ಬೇಕಿದ್ದರೆ ಅದು ಆಗಲೇ ಇದೆ. ಅಜಾಸಿಟಿಡಿನ್ ಮೀಥೈಲ್ ಗುರುತುಗಳನ್ನು ಕಡಿಮೆ ಮಾಡುತ್ತದೆ, ಕೆಲವು ರಕ್ತದ ಕಾಯಿಲೆಗಳಿಗೆ ವೈದ್ಯರು ಅದನ್ನು ಕೊಡುತ್ತಾರೆ.